ಕರೆಂಟು ಹೋದ ಗಂಟೆಗಳ ಲೆಕ್ಕ ಯಾರ ಪುಸ್ತಕದಲ್ಲಿದೆ?

ವರ್ಷಕ್ಕೊಮ್ಮೆ ಎಸ್ಕಾಂಗಳು, ಅಂದರೆ ಮನೆಮನೆಗೆ ವಿದ್ಯುತ್ ಹಂಚುವ ಸರ್ಕಾರಿ ಕಂಪನಿಗಳು, ದರ ಪರಿಷ್ಕರಣೆಯ ಅರ್ಜಿ ಹಿಡಿದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಮುಂದೆ ಬಂದಾಗ ಪತ್ರಿಕೆಗಳಿಗೂ ಟಿವಿಗಳಿಗೂ ಕಾಣುವುದು ಒಂದೇ ಪ್ರಶ್ನೆ: ಯೂನಿಟ್‌ಗೆ ಎಷ್ಟು ಪೈಸೆ ಹೆಚ್ಚುತ್ತದೆ? ಆಯೋಗಕ್ಕೆ ಕಾನೂನು ವಹಿಸಿರುವ ಇನ್ನೊಂದು ಕೆಲಸದ ಬಗ್ಗೆ ಕೇಳುವವರು ಕಡಿಮೆ. ಹಣ ಕಟ್ಟಿದ ಗ್ರಾಹಕನಿಗೆ ವಿದ್ಯುತ್ ಎಷ್ಟು ಹೊತ್ತು ಸಿಕ್ಕಿತು, ಎಷ್ಟು ಸಲ ಕೈಕೊಟ್ಟಿತು, ಕೈಕೊಟ್ಟದ್ದಕ್ಕೆ ಹೊಣೆ ಯಾರು ಎಂದು ವಿಚಾರಿಸುವುದೂ ಅದರ ಕರ್ತವ್ಯವೇ. ಈ ಎರಡನೆಯ ಕೆಲಸ ಯಾಕೆ ಯಾವಾಗಲೂ ಹಿಂದಿನ ಬೆಂಚಿನಲ್ಲಿ ಉಳಿಯಿತು ಎಂದು ತಿಳಿಯಬೇಕಾದರೆ ನೂರು ವರ್ಷಕ್ಕೂ ಹಿಂದೆ ಹೋಗಬೇಕು.

ಆಗ ಮೈಸೂರು ಸಂಸ್ಥಾನದ ವಿದ್ಯುತ್ತಿಗೆ ಇದ್ದದ್ದು ಒಬ್ಬನೇ ದೊಡ್ಡ ಗಿರಾಕಿ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಯೋಜನೆಗೊಂಡ ಶಿವನಸಮುದ್ರದ ಜಲವಿದ್ಯುತ್ ಕೇಂದ್ರ 1902ರಲ್ಲಿ ಶುರುವಾದದ್ದೇ ತೊಂಬತ್ತಕ್ಕೂ ಹೆಚ್ಚು ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗಾಗಿ. ಬೆಂಗಳೂರಿನ ಬೀದಿಗಳಲ್ಲಿ ದೀಪ ಹತ್ತಿದ್ದು ಅದಾದ ಮೂರು ವರ್ಷಕ್ಕೆ, 1905ರಲ್ಲಿ. ಸಾವಿರಾರು ಅಡಿ ಆಳದಲ್ಲಿ ಜನ ದುಡಿಯುವ ಗಣಿಗೆ ಕರೆಂಟು ಎಂದರೆ ಬರಿಯ ಬೆಳಕಲ್ಲ. ನೀರೆತ್ತುವ ಪಂಪು, ಅದಿರು ಕುಟ್ಟುವ ಗಿರಣಿ, ಎಲ್ಲವೂ ಅದೇ. ಆದರೆ ಬೇಸಿಗೆಯಲ್ಲಿ ಕಾವೇರಿ ಸೊರಗುತ್ತಿತ್ತು. 1911ರಲ್ಲಿ ಕೃಷ್ಣರಾಜಸಾಗರದ ಕೆಲಸ ಆರಂಭವಾದಾಗ, ಮುಖ್ಯ ಎಂಜಿನಿಯರ್ ಆಗಿದ್ದ ವಿಶ್ವೇಶ್ವರಯ್ಯನವರು ಮುಂದಿಟ್ಟ ಕಾರಣಗಳಲ್ಲಿ ನೀರಾವರಿಯ ಜೊತೆಗೆ ಇದೂ ಒಂದಾಗಿತ್ತು: ಶಿವನಸಮುದ್ರಕ್ಕೆ ವರ್ಷವಿಡೀ ಒಂದೇ ಸಮನೆ ನೀರು ಹರಿದರೆ ಗಣಿಗಳಿಗೆ ಕೊಟ್ಟ ಮಾತು ಉಳಿಯುತ್ತದೆ. ಗಿರಾಕಿ ದೊಡ್ಡವನಾಗಿದ್ದ, ಮಾತು ಕರಾರಿನಲ್ಲಿತ್ತು. ಹಾಗಾಗಿ ಅವನ ನಂಬಿಕೆ ಉಳಿಸಿಕೊಳ್ಳಲು ನದಿಗೇ ಕಟ್ಟೆ ಬಿತ್ತು. ಮನೆಗೊಂದು ದೀಪ ಹಾಕಿಸಿಕೊಂಡ ಗ್ರಾಹಕನಿಗೆ ಅಂಥ ಕರಾರು ಯಾವತ್ತೂ ಇರಲಿಲ್ಲ.

ಸ್ವಾತಂತ್ರ್ಯಾನಂತರ 1948ರ ವಿದ್ಯುತ್ ಸರಬರಾಜು ಕಾಯ್ದೆ ರಾಜ್ಯಗಳಿಗೆ ಮಂಡಳಿಗಳನ್ನು ಕೊಟ್ಟಿತು. ಮೈಸೂರು ರಾಜ್ಯ ವಿದ್ಯುಚ್ಛಕ್ತಿ ಮಂಡಳಿ ಹುಟ್ಟಿದ್ದು 1957ರ ಅಕ್ಟೋಬರ್‌ನಲ್ಲಿ. ಮುಂದೆ ಅದೇ ಕರ್ನಾಟಕ ವಿದ್ಯುಚ್ಛಕ್ತಿ ಮಂಡಳಿ, ಕೆಇಬಿ ಆಯಿತು. ಹಳ್ಳಿ ಹಳ್ಳಿಗೆ ಕಂಬ ನೆಟ್ಟು ತಂತಿ ಎಳೆದದ್ದು ಈ ಮಂಡಳಿ. ಅದರ ಶ್ರಮವನ್ನು ಹಗುರವಾಗಿ ಕಾಣುವುದು ತಪ್ಪು. ಆದರೆ ದರ ನಿಗದಿ ಮಾಡುವುದು, ಸಂಪರ್ಕ ಕೊಡುವುದು, ಸೇವೆ ಹೇಗಿದೆ ಎಂದು ತೀರ್ಮಾನಿಸುವುದು, ಎಲ್ಲವೂ ಮಂಡಳಿಯದ್ದೇ. ಪರೀಕ್ಷೆ ಬರೆದವನೇ ಉತ್ತರಪತ್ರಿಕೆ ತಿದ್ದಿ ಅಂಕ ಹಾಕಿಕೊಳ್ಳುವ ಏರ್ಪಾಟು ಅದು. ಮಂಡಳಿಯ ಹಣದ ಆರೋಗ್ಯಕ್ಕೆ ಕಾನೂನು ಒಂದು ಅಳತೆ ಇಟ್ಟಿತ್ತು: ವರ್ಷಕ್ಕೆ ಶೇ 3ರಷ್ಟು ಮಿಗತೆ ಬರಬೇಕು. ಸೇವೆಗೆ ಅಂಥ ಅಳತೆ ಇರಲಿಲ್ಲ.

ಕೊರತೆಯ ದಿನಗಳು ಬಂದಾಗ ಇದರ ಪರಿಣಾಮ ಕಾಣಿಸಿತು. ಶರಾವತಿಯ ಬಲದಿಂದ ಅರವತ್ತರ ದಶಕದಲ್ಲಿ ರಾಜ್ಯಕ್ಕೆ ವಿದ್ಯುತ್ ಮಿಕ್ಕಿತ್ತು. ರಾಯಚೂರಿನ ಶಾಖೋತ್ಪನ್ನ ಕೇಂದ್ರದ ಮೊದಲ ಘಟಕ ಓಡತೊಡಗಿದ್ದು 1985ರಲ್ಲಿ. ಅಲ್ಲಿಯವರೆಗೆ ಕರ್ನಾಟಕದ ಸ್ವಂತ ಉತ್ಪಾದನೆಯೆಲ್ಲ ಬಹುಮಟ್ಟಿಗೆ ಮಳೆಯನ್ನೇ ನಂಬಿತ್ತು. ಮುಂಗಾರು ಕೈಕೊಟ್ಟ ವರ್ಷ ಸರ್ಕಾರ 1910ರ ಹಳೆಯ ಕಾಯ್ದೆಯ 22ಬಿ ಕಲಮಿನಡಿ ಕಡಿತದ ಆದೇಶ ಹೊರಡಿಸುತ್ತಿತ್ತು. ಕಾರ್ಖಾನೆಗೆ ಇಷ್ಟು, ಪಂಪ್‌ಸೆಟ್‌ಗೆ ಇಷ್ಟು ಎಂದು ಹಂಚಿಕೆ. ಜನರೂ ಲೋಡ್ ಶೆಡ್ಡಿಂಗನ್ನು ಬರಗಾಲದ ಹಾಗೆ, ಯಾರೂ ಹೊಣೆಯಲ್ಲದ ಒಂದು ಸಂಗತಿಯ ಹಾಗೆ ಒಪ್ಪಿಕೊಂಡರು. ನನ್ನ ಅಂದಾಜಿನಲ್ಲಿ ಆ ಒಪ್ಪಿಗೆ ಇಂದಿಗೂ ಪೂರ್ತಿ ಹೋಗಿಲ್ಲ. 1986ರ ಗ್ರಾಹಕ ರಕ್ಷಣಾ ಕಾಯ್ದೆ ವಿದ್ಯುತ್ ಪೂರೈಕೆಯನ್ನೂ 'ಸೇವೆ' ಎಂದು ಹೆಸರಿಸಿದ್ದರಿಂದ ಗ್ರಾಹಕರ ವೇದಿಕೆಯ ಬಾಗಿಲೊಂದು ತೆರೆಯಿತು, ಅಷ್ಟೆ.

ಇದೇ ಹೊತ್ತಿಗೆ ರೈತರ ಪಂಪ್‌ಸೆಟ್‌ಗಳಿಗೆ ಮೀಟರ್ ಬಿಟ್ಟು ಎಚ್‌ಪಿ ಲೆಕ್ಕದಲ್ಲಿ ದರ ಹಾಕುವ ಪದ್ಧತಿ ಬಂತು, ಆಮೇಲೆ ಉಚಿತ ವಿದ್ಯುತ್ ಬಂತು. ಉಚಿತ ಕೊಡುವುದು ಸರಿಯೇ ತಪ್ಪೇ ಎಂಬುದು ಬೇರೆ ಚರ್ಚೆ. ಇಲ್ಲಿ ಮುಖ್ಯವಾದದ್ದು ಮೀಟರ್ ಹೋದದ್ದು. ಎಷ್ಟು ಯೂನಿಟ್ ಪಂಪ್‌ಸೆಟ್‌ಗೆ ಹೋಯಿತು, ಎಷ್ಟು ತಂತಿಯಲ್ಲಿ ಸೋರಿತು, ಎಷ್ಟು ಕಳುವಾಯಿತು ಎಂಬುದನ್ನು ಬೇರ್ಪಡಿಸಲು ಆಗದೆ ಎಲ್ಲವನ್ನೂ ಐಪಿ ಸೆಟ್ (ನೀರಾವರಿ ಪಂಪ್‌ಸೆಟ್) ಖಾತೆಗೆ ಬರೆಯುವ ಸೌಕರ್ಯ ಸಿಕ್ಕಿತು. ಅಳೆಯದ ಕರೆಂಟಿಗೆ ಗುಣಮಟ್ಟ ಕೇಳುವವರಿಲ್ಲ. ವೋಲ್ಟೇಜ್ ಇಳಿದು ಮೋಟರ್ ಸುಟ್ಟರೆ ರಿವೈಂಡಿಂಗ್ ಖರ್ಚು ರೈತನದ್ದೇ.

ತೊಂಬತ್ತರ ದಶಕದ ಕೊನೆಗೆ ಮಂಡಳಿಗಳು ಸಾಲದಲ್ಲಿ ಮುಳುಗಿದವು. ವಿಶ್ವಬ್ಯಾಂಕಿನ ಬೆಂಬಲದೊಂದಿಗೆ ಒಡಿಶಾ ಮೊದಲು ಮಂಡಳಿಯನ್ನು ಒಡೆಯಿತು, 1996ರಲ್ಲಿ ನಿಯಂತ್ರಣ ಆಯೋಗ ರಚಿಸಿತು. ಕರ್ನಾಟಕದ ವಿದ್ಯುತ್ ಸುಧಾರಣಾ ಕಾಯ್ದೆ 1999ರ ಜೂನ್‌ನಲ್ಲಿ ಜಾರಿಗೆ ಬಂತು. ಕೆಇಬಿ ಹೋಗಿ ವಿದ್ಯುತ್ ಪ್ರಸರಣ ನಿಗಮವಾದ ಕೆಪಿಟಿಸಿಎಲ್ ಬಂತು, ಅದೇ ವರ್ಷ ಆಯೋಗವೂ ಬಂತು. 2002ರ ಜೂನ್‌ನಲ್ಲಿ ವಿತರಣೆಯನ್ನು ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂಗಳಿಗೆ ಹಂಚಿದರು. ಮೈಸೂರಿನ ಕಂಪನಿ ಸೇರಿಕೊಂಡದ್ದು 2005ರಲ್ಲಿ. ನಿಯಂತ್ರಣ ಆಯೋಗದ ಕಲ್ಪನೆ ಹೊರಗಿನದು. 1907ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ಮತ್ತು ನ್ಯೂಯಾರ್ಕ್ ರಾಜ್ಯಗಳು ಖಾಸಗಿ ಕಂಪನಿಗಳ ಏಕಸ್ವಾಮ್ಯಕ್ಕೆ ಕಡಿವಾಣ ಹಾಕಲು ಕಂಡುಕೊಂಡ ದಾರಿ ಅದು. ದಂಡ ಹಾಕಿದರೆ ಷೇರುದಾರನ ಲಾಭಕ್ಕೆ ಪೆಟ್ಟು ಬೀಳುತ್ತದೆ, ಅವನು ವ್ಯವಸ್ಥಾಪಕರನ್ನು ಗದರಿಸುತ್ತಾನೆ ಎಂಬುದು ಅದರ ತರ್ಕ. ನಮ್ಮ ಎಸ್ಕಾಂಗಳ ಷೇರುದಾರ ರಾಜ್ಯ ಸರ್ಕಾರ. ದಂಡದ ಹಣ ಮರುವರ್ಷದ ದರಕ್ಕೆ ಸೇರದಂತೆ ಆಯೋಗ ತಡೆದರೆ ಅದು ಕಂಪನಿಯ ನಷ್ಟಕ್ಕೆ ಸೇರುತ್ತದೆ, ಆ ನಷ್ಟ ಸುತ್ತಿಬಳಸಿ ಬೊಕ್ಕಸಕ್ಕೆ ಬರುತ್ತದೆ. ಪೆಟ್ಟು ಯಾರಿಗೂ ನೇರವಾಗಿ ತಾಗುವುದಿಲ್ಲ.

ಆದರೂ 2003ರ ವಿದ್ಯುತ್ ಕಾಯ್ದೆ ದೊಡ್ಡ ಹೆಜ್ಜೆಯೇ. ಅದರ 57ನೇ ಕಲಮು ಸೇವೆಗೆ ಮಾನದಂಡ ಗೊತ್ತು ಮಾಡಲು, ತಪ್ಪಿದರೆ ಗ್ರಾಹಕನಿಗೆ ಪರಿಹಾರ ಕೊಡಿಸಲು ಆಯೋಗಗಳಿಗೆ ಹೇಳಿತು. ಕರ್ನಾಟಕದ ಆಯೋಗ 2004ರಲ್ಲೇ ನಿಯಮ ಹೊರಡಿಸಿತು. ಓದಿದರೆ ಅಚ್ಚುಕಟ್ಟಾದ ನಿಯಮಗಳು: ಫ್ಯೂಸ್ ಹೋದರೆ ಪಟ್ಟಣದಲ್ಲಿ 6 ಗಂಟೆ, ಹಳ್ಳಿಯಲ್ಲಿ 24 ಗಂಟೆಯೊಳಗೆ ಸರಿಪಡಿಸಬೇಕು. ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್, ಸುಟ್ಟರೆ ಪಟ್ಟಣದಲ್ಲಿ 24, ಹಳ್ಳಿಯಲ್ಲಿ 72 ಗಂಟೆ. ಮೊದಲೇ ತಿಳಿಸಿ ಮಾಡುವ ನಿಲುಗಡೆಯಾದರೂ ಸಂಜೆ 6ರ ಒಳಗೆ ಮುಗಿಯಬೇಕು. ಪತ್ರಿಕೆಯ ಒಳಪುಟದ 'ಇಂದು ವಿದ್ಯುತ್ ವ್ಯತ್ಯಯ' ಪ್ರಕಟಣೆಗಳು ಸಂಜೆಗೆ ಮುಗಿಯುವುದು ಇದಕ್ಕೇ. ಫ್ಯೂಸ್, ಲೈನ್, ಟಿಸಿಗಳ ಗಡುವು ಮೀರಿದರೆ ಆಗ ಗೊತ್ತು ಮಾಡಿದ ಪರಿಹಾರ 50 ರೂಪಾಯಿ.

ಐವತ್ತು ರೂಪಾಯಿ ಕಡಿಮೆಯಾಯಿತು ಎಂಬುದು ನನ್ನ ದೊಡ್ಡ ತಕರಾರಲ್ಲ. ಅದನ್ನು ಪಡೆಯುವ ದಾರಿಯನ್ನು ನೋಡಿ. ದೂರು ಕೊಟ್ಟ ಹೊತ್ತಿನಿಂದ ಗಡುವು ಶುರು. ಆದ್ದರಿಂದ ದೂರಿನ ಸಂಖ್ಯೆ ಬೇಕು. ಗಾಳಿಮಳೆಯ ರಾತ್ರಿ ಸೆಕ್ಷನ್ ಆಫೀಸಿನ ಫೋನನ್ನು ಯಾರೂ ಎತ್ತದಿದ್ದರೆ ಸಂಖ್ಯೆಯೂ ಇಲ್ಲ, ಗಡುವೂ ಇಲ್ಲ. ಚಂಡಮಾರುತ, ನೆರೆಯಂಥ ಪ್ರಕೃತಿ ವಿಕೋಪಕ್ಕೆ ನಿಯಮದಲ್ಲೇ ವಿನಾಯಿತಿ ಇದೆ. ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಂಬದ ಮೇಲೆ ಬೀಳುವ ಮರಗಳಲ್ಲಿ ಯಾವುದು ವಿಕೋಪ, ಯಾವುದು ಕೊಂಬೆ ಸವರದ ನಿರ್ಲಕ್ಷ್ಯ ಎಂದು ಹೇಳುವವರು ಯಾರು? ಮೇಲ್ಮನವಿಗೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ ಇದೆ, ಅದರ ಅಧ್ಯಕ್ಷರು ಅದೇ ಕಂಪನಿಯ ಹಿರಿಯ ಎಂಜಿನಿಯರ್. ಅದರಾಚೆ ಆಯೋಗ ನೇಮಿಸಿದ ವಿದ್ಯುತ್ ಓಂಬುಡ್ಸ್‌ಮನ್ ಇದ್ದಾರೆ. ಐವತ್ತು ರೂಪಾಯಿಗಾಗಿ ಎರಡು ಸಲ ಬಸ್ ಹತ್ತಿ ಜಿಲ್ಲಾ ಕೇಂದ್ರಕ್ಕೆ ಹೋಗುವವರು ಹಠವಾದಿಗಳು ಮಾತ್ರ. ಯಾರೂ ಕೇಳದ್ದರಿಂದ ಕಾಗದದ ಮೇಲೆ ಲೋಪವೂ ಕಾಣದು.

ಇದಕ್ಕೆ ಪೂರ್ತಿ ವಿರುದ್ಧವಾದ ಕಥೆಯೊಂದು ಅದೇ ವರ್ಷಗಳಲ್ಲಿ ನಡೆಯಿತು. ದಕ್ಷಿಣದ ರಾಜ್ಯಗಳನ್ನು ಬೆಸೆಯುವ ವಿದ್ಯುತ್ ಜಾಲ, ಅಂದರೆ ಗ್ರಿಡ್‌ನ ಆವರ್ತನ (ಬೇಡಿಕೆ ಪೂರೈಕೆಯನ್ನು ಮೀರಿದರೆ ಇದು ಇಳಿಯುತ್ತದೆ) 50 ಹರ್ಟ್ಸ್ ಇರಬೇಕಾದದ್ದು 49ಕ್ಕಿಂತಲೂ ಕೆಳಗೆ ಜಾರುವುದು ಆಗ ಮಾಮೂಲಾಗಿತ್ತು. ಒಂದೊಂದು ರಾಜ್ಯವೂ ತನ್ನ ಪಾಲಿಗಿಂತ ಹೆಚ್ಚು ಎಳೆಯುತ್ತಿತ್ತು. 2003ರ ಜನವರಿಯಿಂದ ಇಲ್ಲಿ ಎಬಿಟಿ ಎಂಬ ದರ ಪದ್ಧತಿ ಬಂತು. ರಾಜ್ಯದ ಗಡಿಯಲ್ಲಿ ಪ್ರತಿ 15 ನಿಮಿಷಕ್ಕೂ ಲೆಕ್ಕ, ಆವರ್ತನ ಇಳಿದ ಹೊತ್ತಿನಲ್ಲಿ ಹೆಚ್ಚು ಎಳೆದರೆ ದುಬಾರಿ ಶುಲ್ಕ. ಉಪದೇಶಗಳಿಂದ ಆಗದಿದ್ದ ಶಿಸ್ತು ಮೀಟರಿನಿಂದ ಬಂತು; ಆವರ್ತನ ಬೇಗನೆ ಸುಧಾರಿಸಿತು. 2012ರ ಜುಲೈ 30 ಮತ್ತು 31ರಂದು ಉತ್ತರದ ಗ್ರಿಡ್ ಕುಸಿದು, ಎರಡನೇ ದಿನ ಪೂರ್ವ ಮತ್ತು ಈಶಾನ್ಯವೂ ಸೇರಿ 60 ಕೋಟಿಗೂ ಹೆಚ್ಚು ಜನರಿದ್ದ ಪ್ರದೇಶ ಕತ್ತಲಾದಾಗ ದಕ್ಷಿಣ ಉಳಿಯಿತು. ಅದಕ್ಕೆ ಕಾರಣ ಶಿಸ್ತಿಗಿಂತ ಹೆಚ್ಚಾಗಿ ನಮ್ಮ ಗ್ರಿಡ್ ಆಗ ಬೇರೆಯಾಗಿದ್ದದ್ದು. ರಾಯಚೂರು–ಸೊಲ್ಲಾಪುರ ಮಾರ್ಗದ ಮೂಲಕ ಅದು ದೇಶದ ಗ್ರಿಡ್‌ಗೆ ಬೆಸೆದುಕೊಂಡದ್ದು 2013ರ ಡಿಸೆಂಬರ್ 31ರಂದು.

ಆದರೆ ಗಡಿಯಲ್ಲಿನ ಶಿಸ್ತಿಗೆ ಬೆಲೆ ಯಾರು ತೆತ್ತರು? ಹೆಚ್ಚು ಎಳೆದರೆ ದಂಡ ಬೀಳುತ್ತದೆ ಎಂದಾಗ ಕೈಗೆ ಸಿಗುವ ಸುಲಭ ಉಪಾಯ ಒಂದಿಷ್ಟು ಫೀಡರ್‌ಗಳನ್ನು, ಅಂದರೆ ಉಪಕೇಂದ್ರದಿಂದ ಊರುಗಳಿಗೆ ಹೋಗುವ ತಂತಿಮಾರ್ಗಗಳನ್ನು, ಆಫ್ ಮಾಡುವುದು. ಆರಿಸಲು ಮೊದಲು ಕಣ್ಣಿಗೆ ಬೀಳುವವು ಹಳ್ಳಿಯ ಫೀಡರ್‌ಗಳು, ಏಕೆಂದರೆ ಅಲ್ಲಿಂದ ಬರುವ ಆದಾಯವೂ ಕಡಿಮೆ, ಫೋನ್ ಕರೆಗಳೂ ಕಡಿಮೆ. ಗಡಿಯಲ್ಲಿ ಕಾಲು ಗಂಟೆಗೊಮ್ಮೆ ಲೆಕ್ಕವಿತ್ತು, ಊರೊಳಗಿನ ಕತ್ತಲೆಗೆ ಲೆಕ್ಕವಿರಲಿಲ್ಲ. ಲೆಕ್ಕವಿದ್ದ ಕಡೆಯ ಭಾರವನ್ನು ಇಲ್ಲದ ಕಡೆಗೆ ದಾಟಿಸಿದರು.

ಆ ದಿನಗಳ ಹಳ್ಳಿಯ ದಿನಚರಿ ಅನೇಕರಿಗೆ ನೆನಪಿರಬಹುದು. ಪಂಪ್‌ಸೆಟ್ ಮತ್ತು ಮನೆ ಒಂದೇ ಫೀಡರಿನಲ್ಲಿದ್ದವು. ಕೆಲವು ಗಂಟೆ ಪಂಪ್ ಓಡಿಸುವ ತ್ರೀ ಫೇಸ್, ಆಮೇಲೆ ಮನೆಯ ದೀಪಕ್ಕಷ್ಟೇ ಎಂದು ಕೊಡುವ ಸಿಂಗಲ್ ಫೇಸ್, ಉಳಿದ ಹೊತ್ತು ಏನೂ ಇಲ್ಲ. ಸಿಂಗಲ್ ಫೇಸ್ ಇದ್ದಾಗಲೂ ಕಂಡೆನ್ಸರ್ ಹಾಕಿ ಮೋಟರ್ ಓಡಿಸುತ್ತಿದ್ದರು, ವೋಲ್ಟೇಜ್ ಬಿದ್ದು ಮನೆಯ ಬಲ್ಬು ಕೆಂಡದಂತೆ ಕಾಣುತ್ತಿತ್ತು. ಗುಜರಾತಿನ ಜ್ಯೋತಿಗ್ರಾಮ ಯೋಜನೆಯ ನಂತರ ಕರ್ನಾಟಕವೂ ನಿರಂತರ ಜ್ಯೋತಿ ಹೆಸರಿನಲ್ಲಿ ಕೃಷಿ ಫೀಡರನ್ನು ಬೇರೆ ಮಾಡಿತು. ಹಳ್ಳಿಯ ಮನೆ, ಹಿಟ್ಟಿನ ಗಿರಣಿ, ಶಾಲೆಗಳಿಗೆ ದಿನವಿಡೀ ವಿದ್ಯುತ್ ಬರುವ ಸಾಧ್ಯತೆ ಅದರಿಂದ ಹುಟ್ಟಿತು. ಯಾವ ನಿಯಮಪುಸ್ತಕವೂ ತರಲಾಗದ ಬದಲಾವಣೆಯನ್ನು ತಂದದ್ದು ಸರ್ಕಾರದ ಹಣ ಮತ್ತು ಬೇರೆ ತಂತಿ ಎಂಬುದನ್ನು ಒಪ್ಪಬೇಕು.

2020ರ ಕೊನೆಯ ದಿನ ಕೇಂದ್ರ ಸರ್ಕಾರ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳನ್ನು ಪ್ರಕಟಿಸಿತು. ಎಲ್ಲ ಗ್ರಾಹಕರಿಗೂ ದಿನದ 24 ಗಂಟೆ ವಿದ್ಯುತ್ ಎಂದು ಅದು ಹೇಳುತ್ತದೆ, ಮರುಸಾಲಿನಲ್ಲೇ ಕೃಷಿಯಂಥ ವರ್ಗಗಳಿಗೆ ಆಯೋಗ ಕಡಿಮೆ ಗಂಟೆ ಗೊತ್ತು ಮಾಡಬಹುದು ಎನ್ನುತ್ತದೆ. ಹೊಸತೇನೆಂದರೆ, ದೂರದಿಂದಲೇ ಅಳೆಯಬಹುದಾದ ಲೋಪಗಳಿಗೆ ಗ್ರಾಹಕ ಕೇಳದೆಯೇ ಪರಿಹಾರ ಸಿಗಬೇಕು ಎಂಬುದು. ವಿಶ್ವಾಸಾರ್ಹತೆಗೆ ಎರಡು ಸೂಚ್ಯಂಕಗಳನ್ನೂ ಹೆಸರಿಸಿತು: ಸೈಫಿ ಎಂದರೆ ಸರಾಸರಿ ಗ್ರಾಹಕನಿಗೆ ಎಷ್ಟು ಸಲ ಕರೆಂಟು ಹೋಯಿತು, ಸೈಡಿ ಎಂದರೆ ಒಟ್ಟು ಎಷ್ಟು ಹೊತ್ತು ಹೋಯಿತು.

ಸಮಸ್ಯೆ ಇರುವುದು ಅಳೆಯುವ ಜಾಗದಲ್ಲಿ. ಸಾಮಾನ್ಯವಾಗಿ ಈ ಎಣಿಕೆ ನಡೆಯುವುದು ಉಪಕೇಂದ್ರದಲ್ಲಿ, 11 ಕೆವಿ ಫೀಡರ್ ಹೊರಡುವಲ್ಲಿ. ಅಲ್ಲಿ ಬ್ರೇಕರ್ ಬಿದ್ದು ಇಡೀ ಫೀಡರ್ ಕಡಿತವಾದರೆ ದಾಖಲಾಗುತ್ತದೆ. ಅದೇ ಫೀಡರಿನ ತುದಿಯಲ್ಲಿ ಒಂದು ಟಿಸಿ ಸುಟ್ಟು ಮೂವತ್ತು ಮನೆ ಎರಡು ದಿನ ಕತ್ತಲೆಯಲ್ಲಿದ್ದರೂ ಫೀಡರ್ ಜೀವಂತವಾಗಿಯೇ ಇರುತ್ತದೆ, ಆ ಯಂತ್ರದ ಲೆಕ್ಕದಲ್ಲಿ ಎಲ್ಲರಿಗೂ ವಿದ್ಯುತ್ ಇದೆ. ಅದರ ಮೇಲೆ ಸರಾಸರಿ ಬೇರೆ. ಜಯನಗರದ ಒಳ್ಳೆಯ ಗಂಟೆಗಳು ಕನಕಪುರದಾಚೆಯ ತೋಟದ ಮನೆಯ ಕೆಟ್ಟ ಗಂಟೆಗಳನ್ನು ಒಂದೇ ಅಂಕಿಯಲ್ಲಿ ಕರಗಿಸಿಬಿಡುತ್ತವೆ.

ಇನ್ನು ಕೊರತೆ ಬಂದರೆ ಈ ಲೆಕ್ಕವೂ ಪಕ್ಕಕ್ಕೆ. 2023ರಲ್ಲಿ ಮಳೆ ಕೈಕೊಟ್ಟಿತು, ಬೇಡಿಕೆ ಏರಿತು. ಪಂಪ್‌ಸೆಟ್‌ಗಳಿಗೆ ಹೇಳಿದ್ದ 7 ಗಂಟೆ ತ್ರೀ ಫೇಸ್ 5 ಗಂಟೆಗೆ ಇಳಿದು ರೈತರು ಬೀದಿಗಿಳಿದರು. ಅಕ್ಟೋಬರ್‌ನಲ್ಲಿ ಸರ್ಕಾರ 2003ರ ಕಾಯ್ದೆಯ 11ನೇ ಕಲಮು ಬಳಸಿ, ರಾಜ್ಯದ ಉತ್ಪಾದಕರು ಹೊರಗೆ ಮಾರದಂತೆ ಆದೇಶಿಸಿತು. ಗಂಟೆಗಳ ಮಾತು ನಡೆದದ್ದು ವಿಧಾನಸೌಧದಲ್ಲಿ, ಪ್ರತಿಭಟನೆಯ ಬಿಸಿ ತಟ್ಟಿದ್ದೂ ಅಲ್ಲಿಗೇ. ಆಯೋಗದ ಬಾಗಿಲು ತಟ್ಟಬೇಕೆಂದು ರೈತರಿಗೆ ಅನ್ನಿಸದಿದ್ದದ್ದು ಸಹಜ. ಮೂವತ್ತು ಲಕ್ಷಕ್ಕೂ ಹೆಚ್ಚು ಪಂಪ್‌ಸೆಟ್‌ಗಳ ಬಿಲ್ ತೆರುವುದೂ, ಗೃಹಜ್ಯೋತಿಯ ಮನೆಗಳ ಬಿಲ್ ತೆರುವುದೂ ಸರ್ಕಾರವೇ ಆದಾಗ ಎಸ್ಕಾಂಗಳ ಅತಿ ದೊಡ್ಡ ಗಿರಾಕಿ, ಮಾಲೀಕ ಎರಡೂ ಅದೇ. ಸಬ್ಸಿಡಿ ಹಣವನ್ನು ಮುಂಗಡವಾಗಿ ಕಟ್ಟಬೇಕು ಎಂದು ಕಾಯ್ದೆಯ 65ನೇ ಕಲಮು ಹೇಳುತ್ತದೆ. ಬಾಕಿಯ ದೂರು ಎಸ್ಕಾಂಗಳ ಕಡೆಯಿಂದ ಮತ್ತೆ ಮತ್ತೆ ಕೇಳಿಬರುತ್ತಲೇ ಇದೆ.

2025ರ ಫೆಬ್ರುವರಿಯಿಂದ ಬೆಸ್ಕಾಂ ವ್ಯಾಪ್ತಿಯ ಹೊಸ ಸಂಪರ್ಕಗಳಿಗೆ ಸ್ಮಾರ್ಟ್ ಮೀಟರ್ ಕಡ್ಡಾಯವಾಯಿತು. ಗಲಾಟೆಯಾದದ್ದು ಮೀಟರಿನ ಬೆಲೆಯ ಬಗ್ಗೆ, ಟೆಂಡರಿನ ಬಗ್ಗೆ. ಬೆಲೆ ಕೇಳಬೇಕಾದದ್ದೇ. ಆದರೆ ಆ ಮೀಟರಿಗೆ ಯೂನಿಟ್ ಎಣಿಸುವುದರ ಜೊತೆಗೆ ವಿದ್ಯುತ್ ಯಾವಾಗ ಹೋಯಿತು, ಯಾವಾಗ ಬಂತು, ವೋಲ್ಟೇಜ್ ಎಷ್ಟಿತ್ತು ಎಂದು ಮನೆಮನೆಯ ಲೆಕ್ಕ ಇಡುವ ಶಕ್ತಿ ಇದೆ. ಉಪಕೇಂದ್ರದ ಬ್ರೇಕರಿಗೆ ಕಾಣದ ಕತ್ತಲೆ ಅದಕ್ಕೆ ಕಾಣುತ್ತದೆ. ಆ ದಾಖಲೆಯನ್ನು ಬಿಲ್ಲಿನಲ್ಲೇ ಗ್ರಾಹಕನಿಗೆ ತೋರಿಸಬೇಕು, ಪರಿಹಾರವನ್ನು ಅದರಿಂದಲೇ ಲೆಕ್ಕ ಹಾಕಿ ಮುಂದಿನ ಬಿಲ್ಲಿನಲ್ಲಿ ಕಳೆಯಬೇಕು ಎಂದು ಕೇಳಲು ದರ ಪರಿಷ್ಕರಣೆಯ ಸಾರ್ವಜನಿಕ ವಿಚಾರಣೆಗಿಂತ ಸರಿಯಾದ ಜಾಗವಿಲ್ಲ. ಅಲ್ಲಿ ಆಕ್ಷೇಪಣೆ ಸಲ್ಲಿಸಲು ವಕೀಲರು ಬೇಕಿಲ್ಲ, ಬಿಲ್ಲಿನ ಮೇಲಿನ ಆರ್‌ಆರ್ ನಂಬರ್ (ಸಂಪರ್ಕದ ಸಂಖ್ಯೆ) ಇರುವ ಯಾರು ಬೇಕಾದರೂ ಬರೆಯಬಹುದು.