ಬಳ್ಳಾರಿಯ ಬಿಸಿಲಿನಲ್ಲಿ ಒಂದು ಕೋನ

ಸೈನ್ 30 ಎಂದರೆ ಅರ್ಧ ಎಂಬುದು ಹತ್ತನೆಯ ತರಗತಿಯವರಿಗೆ ಬಾಯಿಪಾಠ. ಅದೇ ಪ್ರಶ್ನೆಯನ್ನು ತಿರುಗಿಸಿ, ಸೈನ್ ಬೆಲೆ 0.26 ಆದರೆ ಕೋನವೆಷ್ಟು ಎಂದು ಕೇಳಿದರೆ ಕೈ ಮೊಬೈಲ್ ಹುಡುಕುತ್ತದೆ. ಹುಡುಕಲಿ, ತಪ್ಪೇನಿಲ್ಲ. ಆದರೆ ಆ 0.26 ಎಲ್ಲಿಂದ ಬಂತು ಎಂಬುದರಲ್ಲೇ ಸ್ವಾರಸ್ಯವಿದೆ. ಬಳ್ಳಾರಿಯಲ್ಲಿ ಅದನ್ನು ಬಿಸಿಲಿನಿಂದಲೇ ಪಡೆಯಬಹುದು. ಬಿಸಿಲಿಗೆ ಇಲ್ಲಿ ಬರವೆಲ್ಲಿ?

ಮಾರ್ಚ್ 20ರ ಆಸುಪಾಸಿನಲ್ಲಿ ಸೂರ್ಯ ಸಮಭಾಜಕ ವೃತ್ತದ ನೆತ್ತಿಯ ಮೇಲಿರುತ್ತಾನೆ. ಅಂದು ಮಟ್ಟಸವಾದ ತಾರಸಿಯ ಮೇಲೆ 100 ಸೆಂ.ಮೀ. ಉದ್ದದ ಕೋಲನ್ನು ನೆಟ್ಟಗೆ ನಿಲ್ಲಿಸಿ. ತೂಗುಗುಂಡು ಹಿಡಿದು ನೋಡಿ. ಕೋಲು ವಾಲಿದರೆ ಲೆಕ್ಕವೂ ವಾಲುತ್ತದೆ. ಗಡಿಯಾರದ 12 ಗಂಟೆಯನ್ನು ನಂಬಬೇಡಿ. ಭಾರತದ ಸಮಯ 82.5 ಡಿಗ್ರಿ ರೇಖಾಂಶದ್ದು, ಬಳ್ಳಾರಿ ಇರುವುದು 77ರ ಹತ್ತಿರ. ಮುಖ್ಯವಾಗಿ ಈ ಕಾರಣಕ್ಕೆ ಅಂದು ಇಲ್ಲಿ ನಡು ಮಧ್ಯಾಹ್ನವಾಗುವುದು 12.30ರ ಸುಮಾರಿಗೆ. ಆಗ ನೆರಳು ಸುಮಾರು 27 ಸೆಂ.ಮೀ., ಕೋಲಿನ ತುದಿಯಿಂದ ನೆರಳಿನ ತುದಿಗೆ ಬಿಗಿದ ದಾರ 103.6 ಸೆಂ.ಮೀ. ಇರುತ್ತದೆ.

ಲಂಬಕೋನ ತ್ರಿಭುಜ ಸಿದ್ಧವಾಯಿತು. ಕೋಲಿನ ತುದಿಯ ಕೋನಕ್ಕೆ ನೆರಳು ಅಭಿಮುಖ ಬಾಹು, ದಾರ ವಿಕರ್ಣ. ಅಭಿಮುಖ ಬಾಹುವನ್ನು ವಿಕರ್ಣದಿಂದ ಭಾಗಿಸಿದ್ದೇ ಸೈನ್: 27ನ್ನು 103.6ರಿಂದ ಭಾಗಿಸಿದರೆ 0.2606. ಸೈನ್ ಬೆಲೆಯಿಂದ ಕೋನವನ್ನು ಹಿಂದಕ್ಕೆ ಪಡೆಯುವ ವಿಲೋಮ ಸೈನ್ ಕೊಡುವುದು 15.1 ಡಿಗ್ರಿ. ಸೂರ್ಯ ಸಮಭಾಜಕದ ನೆತ್ತಿಯ ಮೇಲಿರುವ ದಿನ, ನಡು ಮಧ್ಯಾಹ್ನ ಅವನು ನಮ್ಮ ನೆತ್ತಿಯಿಂದ ಎಷ್ಟು ಡಿಗ್ರಿ ವಾಲಿರುತ್ತಾನೋ ಅಷ್ಟೇ ನಮ್ಮ ಊರಿನ ಅಕ್ಷಾಂಶ. ಅಂದರೆ ಇದು ಬಳ್ಳಾರಿಯ ಅಕ್ಷಾಂಶ! (164.9 ಡಿಗ್ರಿಯ ಸೈನ್ ಕೂಡ ಇಷ್ಟೇ. ಆದರೆ ಲಂಬಕೋನ ತ್ರಿಭುಜದಲ್ಲಿ ಅಷ್ಟು ದೊಡ್ಡ ಕೋನಕ್ಕೆ ಜಾಗವಿಲ್ಲ.)

ನೆಲದ ಕಡೆಯ ಕೋನವನ್ನು ಏಕೆ ಹಿಡಿಯಬಾರದು? 100ನ್ನು 103.6ರಿಂದ ಭಾಗಿಸಿ ಕೋನ ತೆಗೆದು, 90ರಿಂದ ಕಳೆದರೂ ಅಕ್ಷಾಂಶವೇ ಬರುತ್ತದಲ್ಲ? ಬರುತ್ತದೆ, ಆದರೆ ಅಳತೆ ಕರಾರುವಾಕ್ಕಾಗಿದ್ದರೆ ಮಾತ್ರ. ದಾರ ಅರ್ಧ ಸೆಂ.ಮೀ. ತಪ್ಪಿ 103.1 ಎಂದು ಓದಿದಿರಿ ಎನ್ನಿ. ತುದಿಯ ಕೋನ ಹತ್ತನೇ ಒಂದು ಡಿಗ್ರಿಯಷ್ಟೂ ಕದಲುವುದಿಲ್ಲ. ನೆಲದ ಕೋನ ಮಾತ್ರ ಒಂದು ಡಿಗ್ರಿಗೂ ಹೆಚ್ಚು ಜಾರಿ, ಬಳ್ಳಾರಿಯನ್ನು ಚಿತ್ರದುರ್ಗಕ್ಕಿಂತ ದಕ್ಷಿಣಕ್ಕೆ ಒಯ್ದುಬಿಡುತ್ತದೆ. 15ರಿಂದ 16 ಡಿಗ್ರಿಗೆ ಹೋದಾಗ ಸೈನ್ 0.2588ರಿಂದ 0.2756ಕ್ಕೆ ಏರುತ್ತದೆ, 75ರಿಂದ 76ಕ್ಕೆ ಹೋದಾಗ 0.9659ರಿಂದ 0.9703ಕ್ಕೆ ತೆವಳುತ್ತದೆ, ಅಷ್ಟೇ. 90ರ ಸಮೀಪ ಸೈನ್ ಸೋಮಾರಿ. ಅದರಿಂದ ಕೋನವನ್ನು ಹಿಂದಕ್ಕೆ ಪಡೆಯಲು ಹೊರಟರೆ ಅಳತೆಯ ಸಣ್ಣ ತಪ್ಪೂ ಹಿಗ್ಗುತ್ತದೆ. ಪಠ್ಯಪುಸ್ತಕದ ಸೂತ್ರ ಇದನ್ನು ಹೇಳುವುದೇ ಇಲ್ಲ.

ಕ್ಯಾಲ್ಕುಲೇಟರ್ ಇಲ್ಲದ ಕಾಲಕ್ಕೆ ಕೋಷ್ಟಕವಿತ್ತು. ಕ್ರಿ.ಶ. 499ರ ಸುಮಾರಿಗೆ ಆರ್ಯಭಟ 3438 ತ್ರಿಜ್ಯದ ವೃತ್ತಕ್ಕೆ, ಮೂರೂಮುಕ್ಕಾಲು ಡಿಗ್ರಿಗೊಂದರಂತೆ, ಸೈನ್‌ಗಳ ನಡುವಿನ ವ್ಯತ್ಯಾಸಗಳನ್ನು ಕೊಟ್ಟ. ಮೊದಲ ನಾಲ್ಕು: 225, 224, 222, 219. ಕೂಡಿದರೆ 15 ಡಿಗ್ರಿಗೆ 890. 3438ರಿಂದ ಭಾಗಿಸಿದರೆ 0.2589. ನೆರಳಿನಿಂದ ಬಂದ 0.2606 ಇದಕ್ಕಿಂತ ಕೊಂಚ ಹೆಚ್ಚು, ಬಳ್ಳಾರಿಯೂ 15 ಡಿಗ್ರಿಗಿಂತ ಕೊಂಚ ಉತ್ತರಕ್ಕೇ ಇದೆ. ರಾಯಚೂರು ಇನ್ನೂ ಉತ್ತರಕ್ಕಿದೆ. ಅದೇ ದಿನ ಅಲ್ಲಿ ಇಂಥದೇ ಕೋಲಿನ ನೆರಳು 29 ಸೆಂ.ಮೀ. ಆಗುತ್ತದೆ.