ಬೆಂಜೀನ್‌ನ ದ್ವಿಬಂಧ ಜಿಗಿಯುವುದಿಲ್ಲ

ಪಿಯುಸಿ ಮಕ್ಕಳ ಉತ್ತರಪತ್ರಿಕೆಯಲ್ಲಿ ವರ್ಷವೂ ಬೆಂಜೀನ್‌ನ ಅದೇ ಚಿತ್ರ: ಆರು ಕಾರ್ಬನ್‌ಗಳ ಉಂಗುರ ತೋರಿಸುವ ಎರಡು ಷಟ್ಕೋನ, ದ್ವಿಬಂಧಗಳ ಜಾಗ ಮಾತ್ರ ಬೇರೆ, ನಡುವೆ ಎದುರುಬದುರು ಎರಡು ಬಾಣ. ವಿಜಯಪುರದಲ್ಲಿ ಕೇಳಿ, ಜಮಖಂಡಿಯಲ್ಲಿ ಕೇಳಿ, ಬರುವ ಮಾತು ಒಂದೇ: "ಡಬಲ್ ಬಾಂಡ್ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಜಿಗೀತಾವಲ್ರೀ ಸರ್!" ಇಲ್ಲಪ್ಪ, ಜಿಗಿಯುವುದಿಲ್ಲ. ಆ ಜೋಡಿ ಬಾಣ, ಎರಡು ಬೇರೆ ವಸ್ತುಗಳು ಒಂದರಿಂದೊಂದು ಆಗುತ್ತಿರುವ ಸಮತೋಲನದ ಗುರುತು. ಅನುರಣನಕ್ಕೆ, ಅಂದರೆ ಒಂದೇ ಅಣುವನ್ನು ಒಂದಕ್ಕಿಂತ ಹೆಚ್ಚು ಚಿತ್ರಗಳಲ್ಲಿ ಬರೆಯುವುದಕ್ಕೆ, ಎರಡೂ ತುದಿಗೆ ಮೊನೆಯಿರುವ ಒಂದೇ ಬಾಣ.

ಈ ತಪ್ಪಿಗೆ ಹಿರಿಯರ ಬೆಂಬಲವೂ ಇದೆ ಅನ್ನಿ. 1865ರಲ್ಲಿ ಉಂಗುರದ ರಚನೆ ಕೊಟ್ಟ ಜರ್ಮನ್ ರಸಾಯನಶಾಸ್ತ್ರಜ್ಞ ಕೆಕುಲೆಯೇ 1872ರಲ್ಲಿ ಬಂಧಗಳು ಓಲಾಡುತ್ತವೆ ಎಂದ. ದ್ವಿಬಂಧಗಳು ಒಂದೇ ಕಡೆ ನಿಂತಿದ್ದರೆ, ಪಕ್ಕಪಕ್ಕದ ಕಾರ್ಬನ್‌ಗಳಲ್ಲಿ ಬ್ರೋಮಿನ್ ಕೂತ ಸಂಯುಕ್ತ ಎರಡು ಬಗೆ ಇರಬೇಕಿತ್ತು, ಸಿಕ್ಕಿದ್ದು ಒಂದೇ. ಅದಕ್ಕೊಂದು ಸಮಜಾಯಿಷಿ ಬೇಕಿತ್ತು.

ಜೋಳ, ಸಜ್ಜಿ ಎರಡೂ ಹಿಟ್ಟು ಕಲಸಿ ಬಡಿದ ರೊಟ್ಟಿ, ಹಂಚಿನ ಮೇಲೆ ತಿರುವಿದಾಗೊಮ್ಮೆ ಜೋಳದ್ದು, ಇನ್ನೊಮ್ಮೆ ಸಜ್ಜಿಯದ್ದು ಆಗುತ್ತದೆಯೇ? ಹೋಲಿಕೆಯನ್ನು ಬಹಳ ಎಳೆಯಬೇಡಿ: ಜೋಳ, ಸಜ್ಜಿ ಬೇರೆಬೇರೆಯಾಗಿಯೂ ಸಿಗುತ್ತವೆ, ಕೆಕುಲೆಯ ಎರಡು ಚಿತ್ರಗಳು ಕಾಗದದ ಮೇಲೆ ಮಾತ್ರ. ಇರುವುದು ಒಂದೇ ಅಣು. ಆರೂ ಕಾರ್ಬನ್ ಬಂಧಗಳ ಉದ್ದ 139 ಪಿಕೋಮೀಟರ್.

ನಂಬಿಕೆ ಬಾರದಿದ್ದರೆ ಶಾಖದ ಲೆಕ್ಕ ನೋಡಿ. ಒಂದೇ ದ್ವಿಬಂಧದ ಸೈಕ್ಲೋಹೆಕ್ಸೀನ್‌ಗೆ ಹೈಡ್ರೋಜನ್ ಸೇರಿಸಿದರೆ ಮೋಲ್‌ಗೆ ಸುಮಾರು 120 ಕಿಲೋಜೂಲ್ ಹೊರಬರುತ್ತದೆ. ಬಂಧಗಳು ಬರೀ ಜಿಗಿದಾಡುತ್ತಿದ್ದರೆ ಯಾವ ಕ್ಷಣದಲ್ಲಿ ಹಿಡಿದರೂ ಮೂರು ದ್ವಿಬಂಧ ಇರಲೇಬೇಕು, 360 ಬರಬೇಕು. ಬರುವುದು 208. ಕಡಿಮೆ ಬಿದ್ದ ಸುಮಾರು 150 ಕಿಲೋಜೂಲ್, ದ್ವಿಬಂಧಗಳ ಆರು ಪೈ ಎಲೆಕ್ಟ್ರಾನ್‌ಗಳು ಉಂಗುರದ ತುಂಬ ಹರಡಿಕೊಂಡಿದ್ದರಿಂದ ಅಣು ಗಳಿಸಿದ ಸ್ಥಿರತೆ.

ಆ ಗಳಿಕೆಯನ್ನು ಬೆಂಜೀನ್ ಸುಲಭಕ್ಕೆ ಬಿಡುವುದಿಲ್ಲ. ಸಾಮಾನ್ಯ ದ್ವಿಬಂಧ ಬ್ರೋಮಿನ್ ನೀರಿನ ಬಣ್ಣ ಕಳೆಯುತ್ತದೆ, ಬೆಂಜೀನ್‌ನಲ್ಲಿ ಅದಕ್ಕೇ ಹೋಗುವುದಿಲ್ಲ. ವೇಗವರ್ಧಕವಾಗಿ ಫೆರಿಕ್ ಬ್ರೋಮೈಡ್ ಹಾಕಿದಾಗಲೂ ಬ್ರೋಮಿನ್ ಒಂದು ಹೈಡ್ರೋಜನ್‌ನ ಜಾಗಕ್ಕೆ ಕೂರುತ್ತದೆ, ಉಂಗುರ ಉಳಿಯುತ್ತದೆ. ಈ ಕ್ರಿಯೆಯ ನಡುವೆ ಹುಟ್ಟುವ ಧನ ಅಯಾನು ಬರೆಯುವಾಗ ಮಾತ್ರ, ಹರಡಿದ ಎಲೆಕ್ಟ್ರಾನ್‌ಗಳ ಗುರುತಾದ ಪೂರ್ಣ ವೃತ್ತವನ್ನು ಒಳಗೆ ಹಾಕಬೇಡಿ: ಬ್ರೋಮಿನ್ ಹಿಡಿದ ಕಾರ್ಬನ್ ಆಗ ಎಲೆಕ್ಟ್ರಾನ್ ಹರಡಿದ ಸರಪಳಿಯಿಂದ ಹೊರಗಿರುತ್ತದೆ, ಉಳಿದ ಐದರ ಮೇಲೆ ಲಾಳದ ಆಕಾರ ಬರಬೇಕು, ಬಾಯಿ ಆ ಕಾರ್ಬನ್ ಕಡೆ. ಪ್ರೋಟಾನ್ ಕಳಚಿದ ಮೇಲೆಯೇ ವೃತ್ತ.

ಉಂಗುರಕ್ಕೆ ನೈಟ್ರೋ ಗುಂಪು ಸೇರಿಸುವ ನೈಟ್ರೇಷನ್‌ದೂ ಇದೇ ದಾರಿ. ಸಾಂದ್ರ ನೈಟ್ರಿಕ್, ಸಾಂದ್ರ ಸಲ್ಫ್ಯೂರಿಕ್ ಆಮ್ಲ ಸೇರಿ ಉಂಗುರಕ್ಕೆ ಬಂದು ಕೂರುವ ನೈಟ್ರೋನಿಯಂ ಅಯಾನು ಹುಟ್ಟುತ್ತದೆ. ಉಷ್ಣತೆ 50–60 ಡಿಗ್ರಿ. ಅದನ್ನು ಮೀರಿದರೆ ಎರಡನೇ ನೈಟ್ರೋ ಗುಂಪು ಮೆಟಾ ಸ್ಥಾನಕ್ಕೆ, ಅಂದರೆ ಮೊದಲನೆಯದರಿಂದ ಒಂದು ಕಾರ್ಬನ್ ಬಿಟ್ಟು ಮುಂದಿನದಕ್ಕೆ, ಬರತೊಡಗುತ್ತದೆ. ಕಾಗದದ ಮೇಲೆ ಸಾಕು. ಬೆಂಜೀನ್ ಕ್ಯಾನ್ಸರ್‌ಕಾರಕ, ಬಾಟಲಿ ಹುಡುಕಲು ಹೋಗಬೇಡಿ.