ಎಎ ಮೀಟಿಂಗ್ ಹುಡುಕುವುದು ಹೇಗೆ? ಅದು ಚರ್ಚ್‌ನಲ್ಲಿದ್ದರೆ ಹೋಗಬಹುದಾ?

ಪ್ರಶ್ನೆ: ನಮ್ಮ ಯಜಮಾನರು ಕುಡಿತ ಬಿಡಲು ಕಡೆಗೂ ಒಪ್ಪಿದ್ದಾರೆ. ಹತ್ತಿರದಲ್ಲಿ ಎಎ ಮೀಟಿಂಗ್ ಎಲ್ಲಿದೆ ಅಂತ ತಿಳಿಯುವುದು ಹೇಗೆ? ಫೀಸ್ ಎಷ್ಟು? ಸಿಕ್ಕ ಒಂದು ವಿಳಾಸ ಚರ್ಚ್‌ನದ್ದು. ಅಲ್ಲಿಗೆ ಹೋದರೆ ಮತಾಂತರ ಮಾಡ್ತಾರೆ ಅಂತ ಮನೆಯವರ ಭಯ.

ಉತ್ತರ: ಹುಡುಕುವುದು ಸುಲಭ. ಎಎ ಅಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಕೂಟ. ಅದರ ಭಾರತದ ವೆಬ್‌ಸೈಟ್‌ನಲ್ಲಿ ನಿಮ್ಮ ಊರಿನ ಮೀಟಿಂಗ್‌ಗಳನ್ನು ನೋಡಿ. ಭಾಷೆಯನ್ನೂ ಗಮನಿಸಿ, ಬೆಂಗಳೂರಲ್ಲಿ ಕನ್ನಡ, ತಮಿಳು, ಇಂಗ್ಲಿಷ್ ಮೀಟಿಂಗ್‌ಗಳು ಬೇರೆ ಬೇರೆ ಇರುತ್ತವೆ. ಜಾಗ, ಸಮಯ ಬದಲಾಗುತ್ತಿರುತ್ತದೆ, ಹಾಗಾಗಿ ಹೊರಡುವ ಮೊದಲು ಫೋನ್ ಮಾಡಿ ಕೇಳಿ. 'ಕ್ಲೋಸ್ಡ್' ಅಂತಿದ್ದರೆ ಕುಡಿತದ ಸಮಸ್ಯೆ ಇರುವವರಿಗೆ ಮಾತ್ರ, 'ಓಪನ್' ಅಂದರೆ ನೀವೂ ಜೊತೆಗೆ ಹೋಗಬಹುದು. ಫೀಸ್ ಇಲ್ಲ. ಹೆಸರು ನೋಂದಾಯಿಸುವುದೂ ಇಲ್ಲ.

ಇನ್ನು ಚರ್ಚ್ ವಿಷಯ. ಇದಕ್ಕೆ ಉತ್ತರ ಬರೆದು ಬರೆದು ಸಾಕಾಗಿದೆ, ಆದರೂ ಮತ್ತೆ ಬರೆಯುತ್ತೇನೆ. ಯಾಕೆಂದರೆ ಈ ಒಂದು ಅನುಮಾನಕ್ಕೆ ಬಾಗಿಲವರೆಗೂ ಹೋಗಿ ವಾಪಸ್ ಬಂದವರಿದ್ದಾರೆ.

ಎಎ ಗುಂಪುಗಳಿಗೆ ಸ್ವಂತ ಕಟ್ಟಡ ಇರುವುದಿಲ್ಲ. ಸಂಜೆ ಹೊತ್ತು ಖಾಲಿ ಇರುವ, ಕಡಿಮೆ ಬಾಡಿಗೆಯ ಒಂದು ರೂಮು ಬೇಕು. ಅದು ಚರ್ಚ್ ಹಾಲ್ ಆಗಬಹುದು, ಶಾಲೆಯ ಕ್ಲಾಸ್‌ರೂಮ್ ಆಗಬಹುದು, ಆಸ್ಪತ್ರೆಯ ಒಂದು ಕೋಣೆ ಆಗಬಹುದು. ಹೊರಗಿನವರಿಂದ ದೇಣಿಗೆ ತೆಗೆದುಕೊಳ್ಳಬಾರದು ಅಂತ ಎಎಗೆ ತನ್ನದೇ ನಿಯಮ ಇದೆ. ಚರ್ಚ್‌ನಿಂದಲೂ ಇಲ್ಲ, ಸರ್ಕಾರದಿಂದಲೂ ಇಲ್ಲ. ಸದಸ್ಯರೇ ಹಾಕಿದ ಹತ್ತಿಪ್ಪತ್ತು ರೂಪಾಯಿಯಲ್ಲಿ ಬಾಡಿಗೆ, ಟೀ ಎಲ್ಲ ನಡೆಯಬೇಕು. ಕಲ್ಯಾಣ ಮಂಟಪದಲ್ಲಿ ಮದುವೆ ಆಯ್ತು ಅಂತ ಮಂಟಪದ ಓನರ್ ಬೀಗರಾಗಿಬಿಡ್ತಾರಾ?

"ಆದರೆ ಅಲ್ಲಿ ದೇವರ ಹೆಸರು ಹೇಳ್ತಾರಂತಲ್ಲ?" ಹೌದು, ಹೇಳುತ್ತಾರೆ. ಮುಚ್ಚಿಡುವಂಥದ್ದೇನಿಲ್ಲ. ಎಎ ಶುರುವಾಗಿದ್ದು 1935ರಲ್ಲಿ, ಅಮೆರಿಕದ ಆಕ್ರನ್ ಎಂಬ ಊರಲ್ಲಿ, ಕುಡಿತಕ್ಕೆ ಸಿಕ್ಕಿ ನಲುಗಿದ್ದ ಒಬ್ಬ ಷೇರು ವ್ಯವಹಾರದವನು ಮತ್ತು ಒಬ್ಬ ಡಾಕ್ಟರ್‌ನಿಂದ. ಇಬ್ಬರೂ ಆಗ ಆಕ್ಸ್‌ಫರ್ಡ್ ಗ್ರೂಪ್ ಎಂಬ ಕ್ರೈಸ್ತ ಕೂಟಕ್ಕೆ ಹೋಗುತ್ತಿದ್ದರು. ಕೆಲವೇ ವರ್ಷಗಳಲ್ಲಿ ಅದರಿಂದ ಬೇರೆಯಾದರು. 1939ರಲ್ಲಿ ಎಎಯ ಹನ್ನೆರಡು ಹೆಜ್ಜೆಗಳು, ಅಂದರೆ ಕುಡಿತದಿಂದ ಹೊರಬರಲು ಸದಸ್ಯರು ಅನುಸರಿಸುವ ಸೂತ್ರಗಳು, ಅಚ್ಚಾಗುವಾಗ, ದೇವರನ್ನು ನಂಬದ ಸದಸ್ಯರು ಪಟ್ಟು ಹಿಡಿದು ಕೂತರು. ಅದಕ್ಕೇ 'ನಾವು ಅರ್ಥ ಮಾಡಿಕೊಂಡಂತೆ ದೇವರು' ಎಂಬ ಮಾತು ಸೇರಿತು. ನಿಮ್ಮ ಯಜಮಾನರಿಗೆ ಆ ದೇವರು ಮಂಜುನಾಥಸ್ವಾಮಿ ಆಗಬಹುದು, ಆ ರೂಮಿನಲ್ಲಿ ಕೂತ ಹತ್ತು ಜನವೇ ಆಗಬಹುದು. ಷಿಕಾಗೋದಲ್ಲಿ 1975ರಿಂದ ನಾಸ್ತಿಕರಿಗಾಗಿಯೇ ಎಎ ಗುಂಪು ಶುರುವಾಗಿದೆ. ಸೇರಲು ಷರತ್ತು ಒಂದೇ: ಕುಡಿತ ಬಿಡಬೇಕೆಂಬ ಆಸೆ.

ನಾನು ಓಪನ್ ಮೀಟಿಂಗ್‌ಗಳಲ್ಲಿ ಕೂತಿದ್ದೇನೆ. ಪ್ಲಾಸ್ಟಿಕ್ ಕುರ್ಚಿಗಳು, ಗೋಡೆಗೆ ಹನ್ನೆರಡು ಹೆಜ್ಜೆಗಳ ಬ್ಯಾನರ್. ಒಬ್ಬೊಬ್ಬರೇ ಎದ್ದು ಹೆಸರು ಹೇಳಿ, "ನಾನೊಬ್ಬ ಆಲ್ಕೊಹಾಲಿಕ್" ಅಂತ ಶೇರಿಂಗ್, ಅಂದರೆ ತಮ್ಮ ಅನುಭವ ಹೇಳಿಕೊಳ್ಳುವುದನ್ನು, ಶುರು ಮಾಡುತ್ತಾರೆ. ಏನು ಹೇಳಿದರು ಅಂತ ಇಲ್ಲಿ ಬರೆಯುವ ಹಾಗಿಲ್ಲ, ಅಲ್ಲಿ ಕೇಳಿದ್ದು ಅಲ್ಲೇ ಇರಬೇಕು. ಯಾರೂ ಮಧ್ಯೆ ಬಾಯಿ ಹಾಕುವುದಿಲ್ಲ, ಬುದ್ಧಿ ಹೇಳುವುದಿಲ್ಲ. ಕೊನೆಗೆ ಒಂದು ಚೀಲ ಕೈಯಿಂದ ಕೈಗೆ ಬರುತ್ತದೆ. ಹೊಸಬರು ಜೇಬಿಗೆ ಕೈ ಹಾಕಿದರೆ "ನೀವು ಹಾಕಬೇಡಿ" ಅಂತ ಪಕ್ಕದವರು ತಡೆಯುತ್ತಾರೆ. ಮತಾಂತರ ಮಾಡಲು ಬಂದವರಿಗೆ ಇಷ್ಟು ಸುಮ್ಮನಿರಲು ಬರುತ್ತಾ ಹೇಳಿ.

ಇಷ್ಟಾದ ಮೇಲೂ ಮನಸ್ಸು ಒಪ್ಪದಿದ್ದರೆ ಬೇರೆ ದಾರಿ ಇದೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆ ಊರೂರಲ್ಲಿ 8 ದಿನಗಳ ಮದ್ಯವರ್ಜನ ಶಿಬಿರ ನಡೆಸುತ್ತವೆ. ಶಿಬಿರದಿಂದ ಬಂದವರು ಆಮೇಲೂ ಸೇರುತ್ತಿರಲಿ ಅಂತ ನವಜೀವನ ಸಮಿತಿಗಳಿವೆ. ಶಿಬಿರ ಮುಗಿಸಿ ಸಮಿತಿಗೆ ಹೋಗದೆ ಇರಬೇಡಿ.

ಒಂದು ಎಚ್ಚರಿಕೆ. ದಿನಾ ಜಾಸ್ತಿ ಕುಡಿಯುವವರು ಹಟಕ್ಕೆ ಬಿದ್ದು ಒಂದೇ ಸಲ ನಿಲ್ಲಿಸಬಾರದು. ಕೈನಡುಕ, ಬೆವರು ಬರಬಹುದು. ಕೆಲವರಿಗೆ ಮೊದಲ ಎರಡು ದಿನಗಳಲ್ಲೇ ಫಿಟ್ಸ್ ಬರುತ್ತದೆ, ಎರಡನೇ ಮೂರನೇ ದಿನ ಇಲ್ಲದ್ದು ಕಾಣುತ್ತದೆ, ಬಡಬಡಿಸುತ್ತಾರೆ. ಅದು ಪ್ರಾಣಕ್ಕೇ ಅಪಾಯ. ಮೊದಲು ಡಾಕ್ಟರ್ ನೋಡಲಿ: ಜಿಲ್ಲಾ ಆಸ್ಪತ್ರೆಯ ಮನೋವೈದ್ಯರು ಅಥವಾ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗ. ಎಲ್ಲಿಗೆ ಹೋಗುವುದು ಅಂತ ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ಮೀಟಿಂಗ್ ಔಷಧಿಗೆ ಬದಲಿ ಅಲ್ಲ. ಎರಡೂ ಜೊತೆಯಲ್ಲಿ ನಡೆಯಬಹುದು.

ನೀವು ಕೇಳದ ಒಂದು ವಿಷಯವನ್ನೂ ಹೇಳಿಬಿಡುತ್ತೇನೆ. ಈ ಪ್ರಶ್ನೆ ಕುಡಿಯುವವರಿಂದ ಬರುವುದು ತೀರಾ ಅಪರೂಪ. ಬರೆಯುವುದು ಹೆಂಡತಿ, ತಾಯಿ, ಅಕ್ಕ. ಬಾಟಲಿ ಹುಡುಕಿ ಚೆಲ್ಲುವುದು, ಆಫೀಸಿಗೆ "ಜ್ವರ" ಅಂತ ಫೋನ್ ಮಾಡುವುದು, ಸಾಲ ತೀರಿಸುವುದು ಎಲ್ಲ ಅವರ ಪಾಲಿಗೆ. ಅಂಥವರಿಗಾಗಿಯೇ ಅಲ್-ಅನಾನ್ ಎಂಬ ಬೇರೆ ಗುಂಪಿದೆ. ಎಎ ಕಟ್ಟಿದವರಲ್ಲಿ ಒಬ್ಬರ ಹೆಂಡತಿಯೇ 1951ರಲ್ಲಿ ಗೆಳತಿಯ ಜೊತೆ ಸೇರಿ ಶುರು ಮಾಡಿದ್ದು. ಗಂಡನನ್ನು ಸರಿ ಮಾಡುವ ಉಪಾಯ ಅಲ್ಲಿ ಕಲಿಸುವುದಿಲ್ಲ, ಮಾತು ನಿಮ್ಮ ಬಗ್ಗೆ. ಯಜಮಾನರು ನಾಳೆ ಮನಸ್ಸು ಬದಲಾಯಿಸಿ ಮೀಟಿಂಗ್‌ಗೆ ಬರಲ್ಲ ಅಂದರೂ ನೀವು ಹೋಗಬಹುದು. ಅದಕ್ಕೆ ಅವರ ಒಪ್ಪಿಗೆ ಬೇಕಿಲ್ಲ, ಅವರಿಗೆ ಹೇಳಲೇಬೇಕು ಅಂತಲೂ ಇಲ್ಲ.